ಜರ್ಮನ್ ಶೈಲಿಯ ಕಪ್ಪು ಲಾಗರ್ ಬಿಯರ್ ಬರ್ತಿದೆ, ಕುಡಿದು ಗೊತ್ತಿದ್ದವರು ಸ್ವಲ್ಪ ಹೇಳಿ

ಕೇಳ್ತಿರೋದು ಚಿಕ್ಕಮಗಳೂರಿಂದ:
ಶನಿವಾರ ಬೆಂಗಳೂರಿಂದ ಭಾವ ಬರ್ತಿದಾರೆ. ಅಲ್ಲಿನ ಒಂದು ಕ್ರಾಫ್ಟ್ ಬ್ರೂವರಿಯಿಂದ ಎರಡು ಲೀಟರಿನ ಗ್ರೌಲರ್‌ನಲ್ಲಿ (ಬಿಯರ್ ತುಂಬಿಸಿಕೊಂಡು ಬರೋ ದೊಡ್ಡ ಬಾಟಲಿ) ‘ಮ್ಯೂನಿಕ್ ಡುಂಕೆಲ್’ ಅನ್ನೋ ಕಪ್ಪು ಬಿಯರ್ ತರ್ತಾರಂತೆ. ಕುಡಿಯೋರು ನಾಲ್ಕು ಜನ: ನಾನು, ಭಾವ, ದೊಡ್ಡಪ್ಪ, ಪಕ್ಕದ ತೋಟದವರು. ದೊಡ್ಡಪ್ಪ ರಮ್ ಬಿಟ್ಟು ಬೇರೆ ಮುಟ್ಟಿದವರಲ್ಲ, ಬಿಯರ್ ಅಂದ್ರೆ ಗಂಜಿ ತಿಳಿ ಅಂತಾರೆ. ನಾನು ಹಿಂದೆ ಒಂದ್ಸಲ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕುಡಿದು, ಸೀದುಹೋದ ಕಾಫಿಗೆ ಸೋಡಾ ಬೆರೆಸಿದ ಹಾಗಾಗಿ ಅರ್ಧಕ್ಕೇ ಬಿಟ್ಟೆದ್ದಿದ್ದೆ. ಇದೂ ಹಾಗೇನಾ? ತುಂಬಾ ಸ್ಟ್ರಾಂಗಾ? ಎಷ್ಟು ತಣ್ಣಗಿರಬೇಕು, ಜೊತೆಗೆ ಏನು ಮಾಡಿಸಲಿ?

ಹಾಸನದಿಂದ:
ಕೆಲಸದ ಮೇಲೆ ಎರಡು ವರ್ಷ ಮ್ಯೂನಿಕ್‌ನಲ್ಲಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ. ಮೊದಲು ಭಯ ಬಿಡಿ. ಬಣ್ಣ ಕಪ್ಪಗಿದೆ ಅಂತ ಕಹಿಯೂ ಅಲ್ಲ, ಸ್ಟ್ರಾಂಗೂ ಅಲ್ಲ. ಡುಂಕೆಲ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು. ನಮ್ಮ ವೈನ್ ಶಾಪಿನ ‘ಸ್ಟ್ರಾಂಗ್’ ಬಾಟಲಿಗಳೇ ಇದಕ್ಕಿಂತ ಜೋರು. ಹುಷಾರಾಗಿರಬೇಕಾದ್ದು ಡೊಪ್ಪೆಲ್‌ಬಾಕ್ ಅನ್ನೋ ಇನ್ನೊಂದು ಜರ್ಮನ್ ಬಿಯರಿನ ಹತ್ತಿರ. ಅದು 7 ದಾಟುತ್ತೆ. ಸಾಲ್ವೇಟರ್, ಸೆಲೆಬ್ರೇಟರ್ ಅಂತ ಹೆಸರಿನ ಕೊನೆಗೆ ‘ಏಟರ್’ ಇದ್ರೆ ಏಟು ಗ್ಯಾರಂಟಿ ಅಂತ ನಾವು ಕನ್ನಡದವರು ತಮಾಷೆ ಮಾಡ್ತಿದ್ವಿ.

ನೀವು ಕುಡಿದ ಸ್ಟೌಟ್‌ನಲ್ಲಿ ಕಪ್ಪಗೆ ಹುರಿದ ಬಾರ್ಲಿ ಇರುತ್ತೆ, ಆ ಸೀದ ಕಹಿ ಅದರದ್ದು. ಡುಂಕೆಲ್‌ಗೆ ಮುಖ್ಯವಾಗಿ ಮ್ಯೂನಿಕ್ ಮಾಲ್ಟ್. ನಮ್ಮಲ್ಲಿ ಮಗುವಿಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ್ ಅನ್ನೋವರೆಗೆ ಬೆಚ್ಚಗೆ ಮಾಡ್ತಾರಲ್ಲ, ಬಾರ್ಲಿಗೂ ಅದೇ ಉಪಚಾರ, ಅಷ್ಟೇ. 100 ಡಿಗ್ರಿ ಆಸುಪಾಸಿನ ಬಿಸಿಗಾಳಿಯಲ್ಲಿ ಒಣಗಿಸ್ತಾರೆ, ಇದ್ದಿಲಾಗೋವರೆಗೆ ಬಿಡಲ್ಲ. ಅದಕ್ಕೇ ಬ್ರೆಡ್ಡಿನ ಕಂದು ಅಂಚಿನ ರುಚಿ. ಇನ್ನೊಂದು ವಿಷಯ ನೀರು. ಮ್ಯೂನಿಕ್‌ದು ಗಡಸು ನೀರು, ಬೇಳೆ ಬೇಯದ ನಮ್ಮ ಬೋರ್‌ವೆಲ್ ನೀರಿನ ಜಾತಿ. ಗಾಢ ಬಣ್ಣದ ಮಾಲ್ಟಿನ ಹುಳಿ ಆ ನೀರಿನ ಕ್ಷಾರಕ್ಕೆ ಸರಿದೂಗುತ್ತೆ, ಹಾಗಾಗಿ ಆ ಊರಿಗೆ ಕಪ್ಪು ಬಿಯರೇ ಒಗ್ಗಿದ್ದು. ಈಗ ಅಲ್ಲಿ ಎಲ್ಲರ ಕೈಲೂ ಕಾಣೋ ಹೊಂಬಣ್ಣದ ಹೆಲ್ಲೆಸ್ ಬಿಯರನ್ನು ಸ್ಪಾಟೆನ್ ಅನ್ನೋ ಅಲ್ಲಿನ ಬ್ರೂವರಿಯವರು ತಂದಿದ್ದು 1894ರಲ್ಲಿ. ಅದರ ಮುಂದೆ ಡುಂಕೆಲ್ ಅಜ್ಜನ ವಯಸ್ಸಿನದು.

ಮೂಡಿಗೆರೆಯಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಕಾಫಿ ರೋಸ್ಟ್ ಮಾಡೋನು, ನನಗೆ ಕುತೂಹಲ ಹುಟ್ಟಿದ್ದೇ ಅಲ್ಲಿಂದ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಅನ್ನೋನು ಮಾಲ್ಟ್ ಹುರಿಯೋಕೆ ಪೇಟೆಂಟ್ ತಗೊಂಡನಲ್ಲ, ಆ ತಿರುಗೋ ಡ್ರಮ್ ನಮ್ಮ ಕಾಫಿ ರೋಸ್ಟರ್‌ನ ಅಣ್ಣತಮ್ಮನೇ. ಶ್ವಾರ್ಟ್ಸ್‌ಬಿಯರ್ ಅಂತ ಡುಂಕೆಲ್‌ಗಿಂತ ಕಪ್ಪಗಿನ ಇನ್ನೊಂದು ಜರ್ಮನ್ ಲಾಗರ್ ಇದೆ, ಅದರಲ್ಲಿ ಹುರಿದ ಮಾಲ್ಟ್ ಚೂರು ಇಣುಕುತ್ತೆ. ಭಾವ ತರೋದು ಅದಾದ್ರೂ ಹೆದರಬೇಡಿ, ಬ್ಲ್ಯಾಕ್ ಕಾಫಿ ಕುಡಿಯೋರಿಗೆ ಅದೇ ಹೆಚ್ಚು ಹಿಡಿಸಬಹುದು.

ಕುಡಿಯೋ ಕ್ರಮ ಹೇಳ್ತೀನಿ. ಗ್ಲಾಸನ್ನು ಬೆಳಕಿಗೆ ಹಿಡೀರಿ. ಕಪ್ಪು ಅಂದ್ಕೊಂಡಿದ್ದು ಅಂಚಲ್ಲಿ ಮಾಣಿಕ್ಯದ ಕೆಂಪು ಕಾಣುತ್ತೆ. ಮೊದಲನೇ ಗುಟುಕಲ್ಲಿ ತೀರ್ಪು ಕೊಡಬೇಡಿ, ನಾಲಿಗೆ ಇನ್ನೂ ಮಧ್ಯಾಹ್ನದ ಸಾರಿನಲ್ಲೇ ಇರುತ್ತೆ. ಎರಡನೇದರಲ್ಲಿ ಮೂಗು ಇಡಿ. ನನಗೆ ಸಿಕ್ಕಿದ್ದು ಆಲೆಮನೆ ಕೊಪ್ಪರಿಗೆಯ ಅಂಚಲ್ಲಿ ಕಂದಿದ ಬೆಲ್ಲದ ವಾಸನೆ. ನುಂಗಿದ ಮೇಲೆ ಸಿಹಿ ಬಾಯಲ್ಲಿ ನಿಲ್ಲಬಾರದು, ಒಣಗಿ ಹೋಗಬೇಕು. ಬೆಣ್ಣೆ ಕಾಯಿಸಿದ ಹಾಗೆ ವಾಸನೆ ಬಂದ್ರೆ ಮಾತ್ರ ಅದು ತಯಾರಿಕೆಯ ದೋಷ, ಯೀಸ್ಟ್ ತನ್ನ ಕೆಲಸ ಮುಗಿಸೋ ಮೊದಲೇ ಅವಸರ ಮಾಡಿರ್ತಾರೆ.

ತೀರಾ ತಣ್ಣಗೆ ಕುಡಿದ್ರೆ ಇದ್ಯಾವುದೂ ಸಿಗಲ್ಲ. ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಹೊರಗಿಡಿ, 8–10 ಡಿಗ್ರಿಗೆ ಬರಲಿ.

ಸಕಲೇಶಪುರದಿಂದ:
ಫ್ರೀಜರ್ ಕಡೆ ಮಾತ್ರ ಹೋಗಬೇಡಿ ಮಾರಾಯ್ರೆ. ನೆಂಟರು ಬರೋ ಅವಸರದಲ್ಲಿ ಗಾಜಿನ ಗ್ರೌಲರ್ ಫ್ರೀಜರಿಗೆ ತುರುಕಿ, ಕರೆಂಟು, ಜನರೇಟರ್ ಗಲಾಟೆಯಲ್ಲಿ ಮರೆತೆ. ರಾತ್ರಿ ‘ಟಕ್’ ಅಂತ ಸದ್ದು. ಬಾಗಿಲು ತೆಗೆದ್ರೆ ಕಂದು ಐಸು, ಗಾಜಿನ ಚೂರು, ಅದರಡಿ ನಮ್ಮವಳು ಇಟ್ಟಿದ್ದ ಏಡಿ. ಏಡಿನೂ ಎಸೀಬೇಕಾಯ್ತು. ಬಿಯರಿಗಿಂತ ಅದರ ಮಾತೇ ಒಂದು ವಾರ ಕೇಳಿದೀನಿ.

ಇನ್ನೊಂದು, ಭಾವನಿಗೆ ಐಸ್ ಬಾಕ್ಸ್ ತರೋಕೆ ಹೇಳಿ. ಗ್ರೌಲರ್‌ನಲ್ಲಿ ಬರೋ ತಾಜಾ ಬಿಯರು ಕಾರಿನ ಡಿಕ್ಕಿಯ ಬಿಸೀಲಿ ಐದು ಗಂಟೆ ಕುಲುಕಿದ್ರೆ ಮುಚ್ಚಳ ತೆಗೆದ ಕೂಡಲೇ ಅರ್ಧ ನೆಲಕ್ಕೆ. ಬಂದ ಮೇಲೂ ಎರಡು ಮೂರು ಗಂಟೆ ಫ್ರಿಜ್‌ನಲ್ಲಿ ಅಲ್ಲಾಡದೆ ನಿಲ್ಲಲಿ.

ಅರಸೀಕೆರೆಯಿಂದ:
ಇಷ್ಟೆಲ್ಲ ಶಾಸ್ತ್ರ ಯಾಕ್ರೀ? ಅದಕ್ಕೆ ಕೊಡೋ ದುಡ್ಡಿಗೆ ನಾಲ್ಕು ಜನಕ್ಕೂ ಮಾಮೂಲಿ ಬಿಯರ್ ಬರುತ್ತೆ.

ಹಾಸನದಿಂದ ಮತ್ತೆ:
ದುಡ್ಡಿನ ಮಾತು ಒಪ್ಪಿದೆ. ಕಾರಣ ಹೇಳ್ತೀನಿ: ಲಾಗರ್ ಅಂದ್ರೆ ಜರ್ಮನ್‌ನಲ್ಲಿ ದಾಸ್ತಾನು. ಹತ್ತು ಡಿಗ್ರಿ ಆಸುಪಾಸಲ್ಲಿ ನಿಧಾನ ಹುಳಿಬರಿಸಿ, ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಸುಮ್ನೆ ಮಲಗಿಸ್ತಾರೆ. ಅಷ್ಟು ದಿನ ಟ್ಯಾಂಕೂ ಖಾಲಿಯಾಗಲ್ಲ, ಕರೆಂಟ್ ಬಿಲ್ಲೂ ನಿಲ್ಲಲ್ಲ. ಬೇರೆ ಬಿಯರ್ ಅಷ್ಟರಲ್ಲಿ ಎರಡು ಸಲ ಮಾಡಿ ಮಾರಬಹುದು.

ಬೇಲೂರಿಂದ:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಖಾರ ಕಮ್ಮಿ ಮಾಡಿಸಿ, ಗ್ಯಾಸಿನ ಜೊತೆ ಖಾರ ಸೇರಿದ್ರೆ ಬಾಯಿ ಉರಿಯುತ್ತೆ. ಮೆಣಸು ಹಾಕಿ ಹುರಿದ ಹಂದಿ ಮಾಂಸ ಒಳ್ಳೆ ಜೋಡಿ, ಹುರಿದ ಅಂಚಿಗೂ ಬಿಯರಿಗೂ ಒಂದೇ ರುಚಿ. ಕೆಂಡದ ಮೇಲೆ ಸುಟ್ಟ ಅಕ್ಕಿ ರೊಟ್ಟಿ ಇದ್ರೆ ಇನ್ನೂ ಚೆನ್ನ. ಗ್ಲಾಸು ತೊಳೆದ ಸೋಪು ಪೂರ್ತಿ ಹೋಗಿರಲಿ, ಇಲ್ದಿದ್ರೆ ನೊರೆ ನಿಲ್ಲಲ್ಲ.

ಕೇಳಿದವರು, ಭಾನುವಾರ ಸಂಜೆ:
ಎಲ್ಲರಿಗೂ ಥ್ಯಾಂಕ್ಸ್. ಐಸ್ ಬಾಕ್ಸಲ್ಲೇ ಬಂತು, ಚೆಲ್ಲಲಿಲ್ಲ. ನಿನ್ನೆ ರಾತ್ರಿ ಚಳಿ ಇತ್ತು, ಜಗಲಿ ಮೇಲೆ ಕೂತ್ವಿ. ಬೇಕಂತಲೇ ಮೊದಲ ಗ್ಲಾಸು ಫ್ರಿಜ್‌ನಿಂದ ನೇರ ಕುಡಿದೆ: ತಣ್ಣಗಿತ್ತು, ಇನ್ನೇನೂ ಗೊತ್ತಾಗಲಿಲ್ಲ. ಕಾಲು ಗಂಟೆ ಬಿಟ್ಟು ಕುಡಿದಾಗ ಬೇರೇನೇ. ನನಗೆ ಬೆಲ್ಲ ಸಿಗಲಿಲ್ಲ ನೋಡಿ, ಹುರಿಹಿಟ್ಟಿನ ಡಬ್ಬಿ ಮುಚ್ಚಳ ತೆಗೆದಾಗಿನ ವಾಸನೆ. ದೊಡ್ಡಪ್ಪ ಅರ್ಧ ಗ್ಲಾಸು ಮೂಸಿ ಮೂಸಿ ಕುಡಿದು ‘ಇದ್ರಲ್ಲಿ ಚಿಕೋರಿ ಎಷ್ಟು ಹಾಕಿದಾರೆ?’ ಅಂದ್ರು. ಏನೂ ಇಲ್ಲ ಅಂದ್ರೆ ನಂಬಲಿಲ್ಲ. ಆಮೇಲೆ ರಮ್ಮಿಗೇ ಹೋದ್ರು, ಆದ್ರೆ ಗಂಜಿ ತಿಳಿ ಅನ್ನಲಿಲ್ಲ.

ಹಂದಿ ಮಾಂಸ ಸರಿಯಾಗಿ ಕೂತಿತು, ರೊಟ್ಟಿ ಸಾಲದೆ ಬಂತು. ತಳದಲ್ಲಿ ಒಂದೂವರೆ ಗ್ಲಾಸಿನಷ್ಟು ಉಳಿದಿದ್ದನ್ನ ಮುಚ್ಚಿಟ್ಟಿದ್ದೆ, ಇವತ್ತು ಮಧ್ಯಾಹ್ನ ನೋಡಿದ್ರೆ ಗ್ಯಾಸೆಲ್ಲ ಹೋಗಿ ಸಪ್ಪೆ. ಮುಂದಿನ ಸಲ ಒಂದು ಲೀಟರಿನದೇ ತನ್ನಿ ಅಂತ ಭಾವನಿಗೆ ಹೇಳಿದೀನಿ.