ಸಹಾಯ ಬೇಕು: ಬೆನ್ನುಹುರಿಗೆ ಪೆಟ್ಟಾದ ಮೇಲೆ ಮನೆಯಿಂದ ಹೊರಬರಲು ಒಪ್ಪದ ತಮ್ಮನಿಗಾಗಿ

ಎಲ್ಲರಿಗೂ ನಮಸ್ಕಾರ. ರಾಜಾಜಿನಗರದಲ್ಲಿರುವ ನನ್ನ ತಮ್ಮನಿಗೆ ಕಳೆದ ವರ್ಷ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿ ಕ್ರಮವಾಗಿ ನಡೆಯುತ್ತಿದ್ದು, ಹಾಸಿಗೆಯಿಂದ ವೀಲ್‌ಚೇರಿಗೆ ಅವನೇ ಬರುತ್ತಾನೆ. ಆದರೆ ಗೆಳೆಯರ ಫೋನ್ ತೆಗೆಯುವುದಿಲ್ಲ. ನೆಂಟರು ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. (ಬಂದವರೆಲ್ಲ "ಯಾವಾಗ ನಡೀತೀಯಪ್ಪ?" ಎಂದೇ ಕೇಳುವಾಗ ಅವನನ್ನು ದೂರಲಾರೆ.)

ಅವನು ರಾಜ್ಯ ಸರ್ಕಾರಿ ನೌಕರ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆಂದು ವಿವರಿಸಿದರೂ, "ಎಲ್ಲರೆದುರು ಹೀಗೆ ಹೋಗಲೇ?" ಎನ್ನುತ್ತಾನೆ. ಕೆಲಸ ಉಳಿಯುವುದು ಬೇರೆ, ಸಹೋದ್ಯೋಗಿಗಳ ನೋಟವನ್ನು ಎದುರಿಸುವುದು ಬೇರೆ. ಎರಡನೆಯದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗದಲ್ಲಿ ಅಥವಾ ಅಂಗವಿಕಲರಿಗಾಗಿ ಕೆಲಸ ಮಾಡುವ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯಲ್ಲಿ ಇಂಥವರಿಗೆ ಕನ್ನಡದಲ್ಲಿ ಆಪ್ತಸಮಾಲೋಚನೆ ಪಡೆದವರು ಇದ್ದರೆ, ಮೊದಲ ಭೇಟಿಗೆ ಹೇಗೆ ಹೋಗಬೇಕೆಂದು ದಯವಿಟ್ಟು ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ವೀಲ್‌ಚೇರಿನಲ್ಲೇ ಕಚೇರಿಗೆ ಮರಳಿದವರು ಯಾರಾದರೂ ಅವನೊಡನೆ ಒಮ್ಮೆ ಮಾತನಾಡಲು ಒಪ್ಪುವುದಾದರೆ ನನಗೆ ಸಂದೇಶ ಕಳುಹಿಸಿ. ಮನೆಯವರ ಧೈರ್ಯದ ಮಾತುಗಳನ್ನು ಅವನು ಈಗ ಕೇಳಿಸಿಕೊಳ್ಳುತ್ತಿಲ್ಲ.