ಅಕ್ಷರ ಒಂದಾದ ಮೇಲೊಂದು ಬರ್ಬೇಕು, ಎಲ್ಲಾ ಒಟ್ಟಿಗೇ ಬರ್ತಿದೆ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಅಣ್ಣನ ಮಗಳು ಈ ವರ್ಷ ಅಂಗನವಾಡಿಗೆ ಹೋಗ್ತಿದಾಳೆ, ಅವಳಿಗೋಸ್ಕರ ಕೋಟ್ಲಿನ್‌ನಲ್ಲಿ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡ್ತಿದೀನಿ, ಸ್ಕ್ರೀನ್ ಮೇಲೆ ಅ ಬಂದು ಅದರ ಆಡಿಯೋ ಕೇಳಿಸ್ಬೇಕು, ಒಂದು ಸೆಕೆಂಡ್ ಬಿಟ್ಟು ಆ, ಆಮೇಲೆ ಇ, ಹೀಗೆ 13 ಸ್ವರ. ಮೊದಲು ಫಾರ್ ಲೂಪ್ ಒಳಗೆ ಥ್ರೆಡ್ ಸ್ಲೀಪ್ 1000 (ಸಾವಿರ ಮಿಲಿಸೆಕೆಂಡ್ ನಿಲ್ಲು ಅಂತ) ಹಾಕ್ದೆ, ಸ್ಕ್ರೀನ್ ಗರ ಬಡಿದ ಹಾಗೆ ನಿಂತು ಕೊನೆಗೆ ಔ ಒಂದೇ ಕಾಣಿಸ್ತು. ಅದನ್ನ ತೆಗೆದು ಹ್ಯಾಂಡ್ಲರ್ ಪೋಸ್ಟ್‌ಡಿಲೇಯ್ಡ್ ಹಾಕಿದ್ರೆ ಒಂದು ಸೆಕೆಂಡ್ ಸುಮ್ನಿದ್ದು ಹದಿಮೂರೂ ಆಡಿಯೋ ಒಟ್ಟಿಗೇ ಶುರುವಾಗತ್ತೆ. ಎರಡು ದಿನದಿಂದ ಇದರಲ್ಲೇ ಇದೀನಿ, ಯಾರಾದ್ರೂ ಹೇಳಿ ಪ್ಲೀಸ್.

ಉತ್ತರ 1:
ಪೋಸ್ಟ್‌ಡಿಲೇಯ್ಡ್ ಕಾಯಲ್ಲ. "ಇಷ್ಟು ಹೊತ್ತಾದ್ಮೇಲೆ ಇದನ್ನ ಮಾಡು" ಅಂತ ಕ್ಯೂನಲ್ಲಿ ಒಂದು ಚೀಟಿ ಇಟ್ಟು ತಕ್ಷಣ ವಾಪಸ್ ಬರತ್ತೆ, ನಿಮ್ಮ ಲೂಪ್ ಕಣ್ಣು ಮಿಟುಕಿಸೋದ್ರಲ್ಲಿ 13 ಚೀಟಿ ಇಟ್ಟು ಮುಗಿಸ್ತು, ಎಲ್ಲದಕ್ಕೂ ಅದೇ ಟೈಮ್. 1000 ಬದಲು i ಇಂಟು 1000 ಕೊಡಿ (i ಅಂದ್ರೆ ಲೂಪ್‌ನ ಎಣಿಕೆ), ಸರಿಹೋಗತ್ತೆ. ಮೇನ್ ಥ್ರೆಡ್‌ನಲ್ಲಿ ಸ್ಲೀಪ್ ಮಾತ್ರ ಯಾವತ್ತೂ ಬೇಡ, ಸ್ಕ್ರೀನ್ ಬರೆಯೋದೂ ಟಚ್ ನೋಡೋದೂ ಅದೇ ಥ್ರೆಡ್, 5 ಸೆಕೆಂಡ್ ಟಚ್‌ಗೆ ಉತ್ತರ ಬರ್ಲಿಲ್ಲ ಅಂದ್ರೆ ಆ್ಯಪ್ ಸ್ಪಂದಿಸ್ತಿಲ್ಲ ಅಂತ ಸಿಸ್ಟಮ್ಮೇ ಹೇಳತ್ತೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್, ಬಂತು! ಆದ್ರೆ ಇನ್ನೆರಡು ತೊಂದರೆ. ಋ ರೆಕಾರ್ಡಿಂಗ್ ಸ್ವಲ್ಪ ಉದ್ದ ಇದೆ, ಅದು ಮುಗಿಯೋ ಮುಂಚೆ ಎ ಶುರುವಾಗತ್ತೆ. ಇನ್ನೊಂದು, ಆ್ಯಪ್‌ನಿಂದ ಹೊರಗೆ ಬಂದ್ರೂ ಅಕ್ಷರ ಕೇಳಿಸ್ತಾನೇ ಇರತ್ತೆ.

ಉತ್ತರ 2:
ಹ್ಯಾಂಡ್ಲರ್ ಬಿಟ್ಟು ಕೊರೂಟೀನ್‌ಗೆ (ಥ್ರೆಡ್ ತಡೆಯದೆ ಮಧ್ಯೆ ನಿಂತು ಮುಂದುವರಿಯೋ ಕೋಟ್ಲಿನ್ ಕೋಡ್) ಬನ್ನಿ, ಇಂಥ ಸಾಲು ಕೆಲಸಕ್ಕೆ ಅದರಷ್ಟು ಸಲೀಸು ಬೇರೆ ಇಲ್ಲ. ಲೈಫ್‌ಸೈಕಲ್‌ಸ್ಕೋಪ್‌ನಲ್ಲಿ (ಕೊರೂಟೀನ್‌ನ ಸ್ಕ್ರೀನ್‌ನ ಆಯಸ್ಸಿಗೆ ಕಟ್ಟೋದು) ಲಾಂಚ್ ಮಾಡಿ, ಒಳಗೆ ಮಾಮೂಲಿ ಫಾರ್ ಲೂಪ್: ಅಕ್ಷರ ತೋರಿಸು, ಆಡಿಯೋ ನುಡಿಸು, ಡಿಲೇ. ಈ ಡಿಲೇ ಥ್ರೆಡ್ಡನ್ನ ತಡೆಯಲ್ಲ, ನೀವು ಮೊದಲು ಸ್ಲೀಪ್ ಹಾಕಿ ಬರೆದಿದ್ರಲ್ಲ, ಕೋಡ್ ಹೆಚ್ಚುಕಮ್ಮಿ ಅದೇ ಥರ ಕಾಣತ್ತೆ.

ಋ ವಿಷಯಕ್ಕೆ ಟೈಮ್ ಜಾಸ್ತಿ ಮಾಡ್ತಾ ಕೂರ್ಬೇಡಿ ದಯವಿಟ್ಟು. ಆಡಿಯೋ ಎಷ್ಟು ಹೊತ್ತು ಅಂತ ನೀವು ಯಾಕೆ ಅಂದಾಜು ಮಾಡ್ಬೇಕು, ಮುಗೀತು ಅಂತ ಆಡಿಯೋ ನುಡಿಸೋ ಮೀಡಿಯಾಪ್ಲೇಯರ್ರೇ ಹೇಳತ್ತೆ. ಅದರ ಕಂಪ್ಲೀಷನ್ ಲಿಸನರ್‌ನ ಸಸ್ಪೆಂಡ್‌ಕ್ಯಾನ್ಸಲಬಲ್‌ಕೊರೂಟೀನ್ (ಕರೆ ಬರೋವರೆಗೂ ಕೊರೂಟೀನ್‌ನ ನಿಲ್ಲಿಸೋ ಫಂಕ್ಷನ್) ಒಳಗೆ ಇಟ್ಟು, ಮುಗೀತು ಅನ್ನೋ ಕರೆ ಬಂದಾಗ ರೆಸ್ಯೂಮ್ ಮಾಡಿ, ಕ್ಯಾನ್ಸಲ್ ಆದ್ರೆ ಪ್ಲೇಯರ್ ರಿಲೀಸ್ ಮಾಡಿ. ಅದಾದ ಮೇಲೆ 400 ಮಿಲಿಸೆಕೆಂಡ್ ಡಿಲೇ ಸಾಕು.

ಹೊರಗೆ ಬಂದಾಗ ನಿಲ್ಲೋದು: ಲೈಫ್‌ಸೈಕಲ್‌ಸ್ಕೋಪ್ ಆಕ್ಟಿವಿಟಿ (ಆ್ಯಪ್‌ನ ಒಂದು ಸ್ಕ್ರೀನ್) ಡಿಸ್ಟ್ರಾಯ್ ಆದಾಗ ಮಾತ್ರ ಕ್ಯಾನ್ಸಲ್ ಆಗತ್ತೆ, ಹೋಮ್ ಒತ್ತಿದ್ರೆ ಆಗಲ್ಲ, ಆಂಡ್ರಾಯ್ಡ್ 12ರಿಂದ ಈಚೆಗೆ ಮೊದಲ ಸ್ಕ್ರೀನ್‌ನಲ್ಲಿ ಬ್ಯಾಕ್ ಒತ್ತಿದ್ರೂ ಆಕ್ಟಿವಿಟಿ ಹಿಂದಕ್ಕೆ ಸರಿಯತ್ತೆ ಅಷ್ಟೆ. ಅದಕ್ಕೇ ಲಾಂಚ್ ಕೊಡೋ ಜಾಬ್ (ಆ ಕೆಲಸದ ಹಿಡಿಕೆ) ಇಟ್ಕೊಂಡು ಆನ್‌ಸ್ಟಾಪ್‌ನಲ್ಲಿ (ಸ್ಕ್ರೀನ್ ಮರೆಯಾದಾಗ ಸಿಸ್ಟಮ್ ಕರೆಯೋ ಫಂಕ್ಷನ್) ಕ್ಯಾನ್ಸಲ್ ಮಾಡಿ, ಎಷ್ಟನೇ ಅಕ್ಷರ ಅನ್ನೋದನ್ನ ಲೂಪ್ ಹೊರಗೆ ಇಡಿ, ಮಗು ವಾಪಸ್ ಬಂದಾಗ ಅಲ್ಲಿಂದಲೇ ಮುಂದುವರಿಸ್ಬಹುದು.

ಉತ್ತರ 3:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ, ಮುಂದೆ "ನಾಳೆ ಸಂಜೆ ಅಭ್ಯಾಸ ಮಾಡು" ಅಂತ ನೆನಪಿಸೋದು ಹಾಕೋದಾದ್ರೆ ಇದ್ಯಾವುದನ್ನೂ ಬಳಸ್ಬೇಡಿ. ಹ್ಯಾಂಡ್ಲರ್ ನೋಡೋ ಗಡಿಯಾರ ಫೋನ್ ಡೀಪ್ ಸ್ಲೀಪ್‌ಗೆ ಹೋದಾಗ ನಿಂತುಬಿಡತ್ತೆ, ಮೇಲಾಗಿ ಆ್ಯಪ್ಪೇ ಮುಚ್ಚಿಹೋದ್ರೆ ಚೀಟಿನೂ ಹೋಯ್ತು. ಅದಕ್ಕೆ ವರ್ಕ್‌ಮ್ಯಾನೇಜರ್ ನೋಡಿ, ಆ್ಯಪ್ ಮುಚ್ಚಿದ್ರೂ ಉಳಿಯೋ ಕೆಲಸಕ್ಕೆ ಇರೋ ಆಂಡ್ರಾಯ್ಡ್ ಲೈಬ್ರರಿ ಅದು.

ಪ್ರಶ್ನೆ ಕೇಳಿದವರು:
ಈಗ ಋ ಪೂರ್ತಿ ಕೇಳಿಸ್ತಿದೆ, ಹೋಮ್ ಒತ್ತಿದ್ರೆ ನಿಲ್ತಿದೆ. ಪುಟ್ಟಿ ಕೈಗೆ ಕೊಟ್ಟೆ, ಪ್ರತಿ ಅಕ್ಷರ ಆದ್ಮೇಲೆ ತಾನೂ ಒಂದ್ಸಲ ಹೇಳ್ತಾಳೆ, 400 ಸಾಕಾಗ್ಲಿಲ್ಲ, ಡಿಲೇ 1500 ಮಾಡಿದೀನಿ.