1954ರ ಶೆವಿ ಪಿಕಪ್‌ಗೆ ಕಮಾರೋ ಮುಂಭಾಗ: ಚಾಸಿ ಕತ್ತರಿಸುವ ಮುಂಚೆ ಒಂದು ಮಾತು

ಸಾಗರದ_ಹುಡುಗ (ಓಹಾಯೋ)

ಎಲ್ಲರಿಗೂ ನಮಸ್ಕಾರ. ಕಳೆದ ಅಕ್ಟೋಬರ್‌ನಲ್ಲಿ 1954ರ ಶೆವ್ರೊಲೆ 3100 ಪಿಕಪ್ ಒಂದನ್ನು ತಗೊಂಡೆ. ಅರ್ಧ ಟನ್ನಿನದು. 235 ಘನ ಇಂಚಿನ ಆರು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಕಂಬದಲ್ಲೇ ಮೂರು ಗೇರು, 6 ವೋಲ್ಟ್ ಬ್ಯಾಟರಿ. ಒಬ್ಬ ರೈತರ ಕೊಟ್ಟಿಗೆಯಲ್ಲಿ ಹಳೇ ಹುಲ್ಲಿನ ಪೆಂಡಿಗಳ ಹಿಂದೆ ನಿಂತಿತ್ತು. ಬಾಗಿಲ ಮೇಲೆ ಅವರ ಅಜ್ಜನ ಹೆಸರು ಅರ್ಧ ಉಳಿದಿದೆ. ಅದನ್ನು ಮುಟ್ಟಬಾರದು ಅಂತ ನನ್ನ ಹೆಂಡತಿಯ ಕಟ್ಟಪ್ಪಣೆ.

ಓಡಿಸಲು ಮಾತ್ರ ಭಯ. ಸ್ಟೀರಿಂಗ್‌ನಲ್ಲಿ ಎರಡು ಇಂಚು ಪ್ಲೇ (ಸಡಿಲ) ಇದೆ. ಗಂಟೆಗೆ 45 ಮೈಲಿ ದಾಟಿದರೆ ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ, ನಾನು ಜೊತೆಗೆ ಹೋಗುತ್ತೇನೆ ಅಷ್ಟೇ. ಮುಂದೆ ನೇರ ಆಕ್ಸಲ್, ಅದರ ಮೇಲೆ ಪಾಟಾ (ಲೀಫ್ ಸ್ಪ್ರಿಂಗ್). ನಾಲ್ಕೂ ಚಕ್ರಕ್ಕೆ ಡ್ರಮ್. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ.

ಇಲ್ಲೊಬ್ಬ ಗುಜರಿಯವರು 1979ರ ಕಮಾರೋ ಕಾರಿನ (ಅದೂ ಶೆವ್ರೊಲೆಯದೇ) ಮುಂದಿನ ಸಬ್‌ಫ್ರೇಮ್, ಅಂದರೆ ಎಂಜಿನ್ನೂ ಮುಂದಿನ ಚಕ್ರಗಳೂ ಕೂರುವ ಚೌಕಟ್ಟು, ಪೂರ್ತಿ ಕೊಡುತ್ತೇನೆ ಅಂದಿದ್ದಾರೆ. ಕಾಯಿಲ್ ಸ್ಪ್ರಿಂಗ್, ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್ ಎಲ್ಲ ಸೇರಿ 400 ಡಾಲರ್. ನನ್ನ ಚಾಸಿಯ ಮೂತಿ ಕತ್ತರಿಸಿ ಇದನ್ನು ವೆಲ್ಡ್ ಮಾಡಿದರೆ ಆಯ್ತಲ್ವಾ? ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಹಾಕುವ 120 ವೋಲ್ಟಿನ ಸಣ್ಣ ವೆಲ್ಡರ್ ಇದೆ. ಗೇಟು, ಬೆಂಚು ಮಾಡಿದ್ದೇನೆ. ಎರಡು ವಾರಾಂತ್ಯದ ಕೆಲಸ ಅಂದುಕೊಂಡಿದ್ದೇನೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹುಬ್ಬಳ್ಳಿ_ಗ್ಯಾರೇಜ್ (ಮಿಶಿಗನ್)

ಮೊದಲು ಆ ಗ್ರೈಂಡರ್ ಕೆಳಗಿಡ್ರಿ.

ನಾನು ಮಾಡಿದ್ದೇನೆ. 2009ರಲ್ಲಿ, 1951ರ 3100ಕ್ಕೆ 1976ರ ಕಮಾರೋ ಸಬ್‌ಫ್ರೇಮ್. ಎರಡು ವಾರಾಂತ್ಯ ಅಂತ ನಾನೂ ಹೆಂಡತಿಗೆ ಹೇಳಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಆರು ತಿಂಗಳು, ಮೊದಲು ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡಿದ್ದು.

ತಪ್ಪಾಗಿದ್ದು ಎಲ್ಲಿ ಅಂತ ಹೇಳುತ್ತೇನೆ. ಸಬ್‌ಫ್ರೇಮ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಇದ್ದ ಹಾಗೇ ಇಟ್ಟು, ಚಕ್ರ ಹಾಕಿ ನಿಲ್ಲಿಸಿ, ಆ ಎತ್ತರಕ್ಕೆ ಚಾಸಿ ಹೊಂದಿಸಿ ವೆಲ್ಡ್ ಮಾಡಿದೆ. ಎಂಜಿನ್ ಇರಲಿಲ್ಲ, ಬಾನೆಟ್ ಇರಲಿಲ್ಲ. ಭಾರವೇ ಇಲ್ಲದಿದ್ದರೆ ಸ್ಪ್ರಿಂಗ್ ಯಾಕೆ ಕುಗ್ಗುತ್ತದೆ? ಎಂಜಿನ್ ಕೂರಿಸಿದ ದಿನ ಮೂತಿ ಮೂರು ಇಂಚು ಕೆಳಗೆ ಕೂತಿತು. ಟೈರು ಫೆಂಡರಿಗೆ ತಾಗಿತು. ಅದಕ್ಕಿಂತ ಕೆಟ್ಟದ್ದು, ಚಾಸಿ ಮುಂದಕ್ಕೆ ಬಾಗಿದ್ದರಿಂದ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಓರೆ, ಪೂರ್ತಿ ಹೋಯಿತು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದೆ ನೋಡಿ, ಅದಕ್ಕೇ ಕೈಬಿಟ್ಟರೂ ನೇರ ಹೋಗುತ್ತದೆ. ಆ ಓರೆಯೇ ಇಲ್ಲವೆಂದರೆ ಗಾಡಿ ರಸ್ತೆ ತುಂಬ ಅಲೆಯುತ್ತದೆ. ಅಂದರೆ ಯಾವ ಕಾಯಿಲೆಗೆ ಆಪರೇಶನ್ ಮಾಡಿಸಿದ್ದೆನೋ ಅದೇ ಕಾಯಿಲೆ ಮರಳಿ ಬಂತು! ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ತೋಳು) ಹತ್ತಿರ ಶಿಮ್ (ತೆಳು ತಗಡು) ಹಾಕಿ ಸ್ವಲ್ಪ ಸರಿಮಾಡಬಹುದು. ನನ್ನದು ಶಿಮ್ಮಿಗೆ ಸಿಗುವ ತಪ್ಪಾಗಿರಲಿಲ್ಲ.

ಎರಡನೇ ಸಲ ಸ್ಪ್ರಿಂಗ್ ತೆಗೆದು ಹಾಕಿದೆ. ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಒಂದೊಂದು ತ್ರೆಡ್ ರಾಡ್ ಹಾಕಿ, ಗಾಡಿ ಪೂರ್ತಿ ಭಾರ ಹೊತ್ತು ನಿಂತಾಗ ಕೆಳಗಿನ ಆರ್ಮ್ ಎಲ್ಲಿರಬೇಕೋ ಅಲ್ಲೇ ಬಿಗಿದೆ. ಆಮೇಲೆ ಅಳತೆ. ಈ ಅಳತೆಯ ಅರ್ಧ ಕೆಲಸ ಗಾಡಿ ಇನ್ನೂ ಇಡಿಯಾಗಿರುವಾಗಲೇ ಮುಗಿಯಬೇಕು. ಕತ್ತರಿಸಿದ ಮೇಲೆ ಯಾವುದಕ್ಕೆ ಟೇಪ್ ಹಿಡಿಯುತ್ತೀರಿ? ಗಾರೆಯವರ ತೂಕದ ಗುಂಡು ತಗೊಳ್ಳಿ. ಮುಂದಿನ ಆಕ್ಸಲ್ ನಡುವಿನಿಂದ ನೆಲಕ್ಕೆ ಬಿಟ್ಟು ಕಾಂಕ್ರೀಟಿನಲ್ಲಿ ಗುರುತು ಕೊರೆಯಿರಿ. ಹಿಂದಿನ ಆಕ್ಸಲ್‌ಗೂ ಹಾಗೇ. ನಡುವೆ 116 ಇಂಚು ಬರಬೇಕು. ಫೆಂಡರಿನ ಕಮಾನು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತಲೂ ಗುರುತಿಡಿ. ಚಕ್ರ ಒಂದಿಂಚು ಹಿಂದೆ ಕೂತರೂ ಗಾಡಿ ಗರ್ಭಿಣಿ ಹಸು ನಿಂತ ಹಾಗೆ ಕಾಣುತ್ತದೆ. ಕರ್ಣದ ಅಳತೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಒಂದೇ ಇರಬೇಕು. ಕತ್ತರಿಸುವ ಮೊದಲು ಚಾಸಿಯ ಎರಡು ರೈಲಿನ (ಎಡಬಲದ ಉದ್ದ ತೊಲೆಗಳ) ನಡುವೆ ಅಡ್ಡಪಟ್ಟಿ ವೆಲ್ಡ್ ಮಾಡಿಕೊಳ್ಳಿ, ಇಲ್ಲದಿದ್ದರೆ ಚಾಸಿ ಬಾಯಿ ಬಿಡುತ್ತದೆ.

ಇನ್ನು ಜೋಡಣೆ. ನಿಮ್ಮ ಪಿಕಪ್ ಚಾಸಿ ಒಂದು ಕಡೆ ತೆರೆದಿರುವ ಚಾನಲ್. ಕಮಾರೋದ್ದು ಮುಚ್ಚಿದ ಡಬ್ಬಿ. ಎರಡರ ಅಗಲವೂ ಬೇರೆ. ಚಾನಲ್ಲಿಗೆ ಒಳಗಿನಿಂದ ತಗಡು ಕೊಟ್ಟು ಅಡಿಗಟ್ಟಲೆ ಮುಚ್ಚದಿದ್ದರೆ ಜೋಡಿಸಿದ ಜಾಗದಲ್ಲೇ ತಿರುಚುತ್ತದೆ. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದರು. ಚಾಸಿಗೆ ಮೇಲಿಂದ ಕೆಳಗೆ ನೆಟ್ಟಗೆ ಒಂದೇ ಗೆರೆ ವೆಲ್ಡ್ ಹಾಕಿದ ಹುಡುಗನಿಗೆ ಅವತ್ತು ಸಂಜೆಯ ಚಹಾ ಇಲ್ಲ. ಆ ಗೆರೆ ಗುಂಟವೇ ಬಿರುಕು ಓಡುತ್ತದೆ ಅನ್ನುತ್ತಿದ್ದರು. ಓರೆಯಾಗಿ ಸೇರಿಸಿ, ಮೇಲೆ ವಜ್ರದಾಕಾರದ ಪ್ಲೇಟ್ ಹಾಕಬೇಕು.

ನಿಮ್ಮ 120 ವೋಲ್ಟಿನ ವೆಲ್ಡರ್ ಬೆಂಚಿಗೆ ಸಾಕು. ಇದಕ್ಕೆ ಬೇಡ. ಟ್ಯಾಕ್ (ಹಿಡಿದಿಡುವಷ್ಟು ಚುಕ್ಕೆ ವೆಲ್ಡ್) ನೀವು ಹಾಕಿ, ಪೂರ್ತಿ ವೆಲ್ಡಿಂಗ್ ಗೊತ್ತಿರುವವರ ಕೈಲಿ ಮಾಡಿಸಿ. ನಾನೂ ಹಾಗೇ ಮಾಡಿದ್ದು.

400 ಡಾಲರಿನ ಲೆಕ್ಕವೂ ಕೇಳಿ. ಕಮಾರೋದ ಹಬ್ಬಿಗೆ ಐದು ಬೋಲ್ಟು, ನಿಮ್ಮ ಹಿಂದಿನ ಚಕ್ರಕ್ಕೆ ಆರು. ಸ್ಟೆಪ್ನಿ ಎರಡು ಇಟ್ಟುಕೊಳ್ಳುತ್ತೀರಾ? ಹಿಂದಿನ ಆಕ್ಸಲ್ ಬದಲಾಯಿಸೋಣ ಅಂದರೆ 1954ರದ್ದು ಟಾರ್ಕ್ ಟ್ಯೂಬ್. ಪ್ರೊಪೆಲ್ಲರ್ ಶಾಫ್ಟ್ ಕೊಳವೆಯ ಒಳಗಿದೆ. ಆಕ್ಸಲ್ ಮುಟ್ಟಿದರೆ ಗೇರ್‌ಬಾಕ್ಸಿನ ತನಕ ಕೈ ಹಾಕಲೇಬೇಕು.

ಕೊಡಗಿನ_ಕಾಫಿ (ಅರಿಜೋನಾ)

ಹುಬ್ಬಳ್ಳಿ ಸರ್ ಹೇಳಿದ್ದು ಪೂರ್ತಿ ನಿಜ. ಒಂದೇ ಮಾತು ಸೇರಿಸುತ್ತೇನೆ. ಆ ಕಾಲದ ಕಮಾರೋದ ಮುಂದಿನ ಟ್ರ್ಯಾಕ್ (ಎಡಬಲ ಚಕ್ರಗಳ ನಡುವಿನ ಅಂತರ) 61 ಇಂಚಿನ ಮೇಲಿದೆ. ಗಾಡಿ ತಗ್ಗಿಸಿದರೆ ಟೈರು ಫೆಂಡರಿನ ಅಂಚಿಗೆ ಬರುತ್ತದೆ, ರಿಮ್ಮೂ ಬೇರೆ ಹುಡುಕಬೇಕು.

ನಮ್ಮ 1950ರ ಪಿಕಪ್‌ಗೆ ಮಸ್ಟಾಂಗ್ 2 ಮಾದರಿಯ ಕ್ರಾಸ್‌ಮೆಂಬರ್ (ಮುಂದಿನ ಸಸ್ಪೆನ್ಶನ್ ಹೊರುವ ಅಡ್ಡತೊಲೆ) ಹಾಕಿಸಿದೆವು. ಫೋರ್ಡ್ 1974ರಿಂದ 78ರ ತನಕ ಮಾಡಿದ ಸಣ್ಣ ಕಾರು ಅದು. ಕಾರನ್ನು ಈಗ ಯಾರೂ ಕೇಳುವುದಿಲ್ಲ, ಅದರ ಮುಂದಿನ ಸಸ್ಪೆನ್ಶನ್ ನಕಲು ಮಾತ್ರ ಎಲ್ಲ ಕಡೆ ಸಿಗುತ್ತದೆ. ಚಾಸಿಯ ಮೂತಿ ಕತ್ತರಿಸುವುದಿಲ್ಲ. ರೇಡಿಯೇಟರ್, ಫೆಂಡರ್ ಕೂರುವ ಜಾಗ ಹಾಗೇ ಇರುತ್ತದೆ. ನಿಮ್ಮ ಚಾಸಿಗೆ ಅಂತಲೇ ಅಳತೆ ಮಾಡಿದ ಕಿಟ್ ತಗೊಳ್ಳಿ. ದುಡ್ಡು ಜಾಸ್ತಿ, ತಲೆನೋವು ಕಮ್ಮಿ. ವೆಲ್ಡಿಂಗ್ ಮಾತ್ರ ಇದಕ್ಕೂ ಬೇಕೇ ಬೇಕು.

ಕುಂದಾಪ್ರ_ಭಟ್ರು (ನ್ಯೂಜೆರ್ಸಿ)

ಅಲ್ಲ ಮಾರಾಯ್ರೇ, ನೆಗಡಿಗೆ ಮೂಗು ಕೊಯ್ಯುವುದು ಯಾಕೆ? ಆ ನೇರ ಆಕ್ಸಲ್ ಹೊಸದಿದ್ದಾಗ ಹೀಗೆ ಅಲೆಯುತ್ತಿತ್ತಾ? ಎಪ್ಪತ್ತು ವರ್ಷದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ಸವೆದಿದೆ ಅಷ್ಟೇ. ಜಾಕಿ ಕೊಟ್ಟು ಚಕ್ರ ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಮೊದಲು ವೀಲ್ ಬೇರಿಂಗ್ ಬಿಗಿ ನೋಡಿ, ಆಮೇಲೂ ಆಡಿದರೆ ಕಿಂಗ್ ಪಿನ್. ಟೈ ರಾಡ್ ತುದಿ, ಪಾಟಾದ ಬುಶ್, ಸ್ಟೀರಿಂಗ್ ಬಾಕ್ಸ್ ನೋಡಿ. ಹಳೇ ಆಕ್ಸಲ್ಲಿಗೇ ಡಿಸ್ಕ್ ಬ್ರೇಕ್ ಕಿಟ್ ಬರುತ್ತದೆ. ರೇಡಿಯಲ್ ಟೈರ್ ಹಾಕಿ. ನಂದು 55ರಲ್ಲಿ ಆರಾಮಾಗಿ ಹೋಗುತ್ತದೆ. ಹಿಂದಿನ ಆಕ್ಸಲ್ಲಿನ 4.11 ಗೇರ್ ಅನುಪಾತಕ್ಕೆ ಅದಕ್ಕಿಂತ ಜೋರು ಓಡಿಸಿದರೆ ಎಂಜಿನ್ನೇ ಬೈಯುತ್ತದೆ. ಮುಂಭಾಗ ಬದಲಾಯಿಸಿ ಏನು ಮಾಡುತ್ತೀರಿ?

ಸಾಗರದ_ಹುಡುಗ (ಓಹಾಯೋ)

ಭಟ್ರೇ, ನೋಡಿದೆ. ಬೇರಿಂಗ್ ಬಿಗಿ ಮಾಡಿದ ಮೇಲೂ ಎಡಗಡೆ ಚಕ್ರ ಕಟಕಟ ಅಂತ ಆಡುತ್ತದೆ. ಗ್ರೀಸ್ ನಿಪ್ಪಲ್ ಎಲ್ಲಿದೆ ಅಂತಲೇ ಕಾಣಲಿಲ್ಲ. ಸ್ಕ್ರೂಡ್ರೈವರಿನಿಂದ ಕೆದಕಿದರೆ ಇಟ್ಟಿಗೆ ಥರ ಗಟ್ಟಿಯಾದ ಗ್ರೀಸು, ಅದರೊಳಗೆ ನಿಪ್ಪಲ್. ಬ್ರೇಕ್ ಎಡಕ್ಕೆ ಎಳೆಯುವುದಕ್ಕೂ ಕಾರಣ ಸಿಕ್ಕಿತು: ಬಲಗಡೆ ವೀಲ್ ಸಿಲಿಂಡರ್ ಜಾಮ್.

ಕಮಾರೋದವರಿಗೆ ಬೇಡ ಅಂತ ಫೋನ್ ಮಾಡಿದೆ. ಆದರೆ ಇನ್ನೊಂದು ಕಂಡಿತು. ಎಡಗಡೆ ರೈಲಿನಲ್ಲಿ, ಸ್ಟೀರಿಂಗ್ ಬಾಕ್ಸಿನಿಂದ ಒಂದು ಗೇಣು ಹಿಂದೆ, ಬಣ್ಣದ ಕೆಳಗೆ ಹಳೇ ವೆಲ್ಡಿಂಗ್ ಇದೆ. ಮೇಲಿಂದ ಕೆಳಗೆ ನೆಟ್ಟಗೆ ಒಂದೇ ಗೆರೆ. ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು, ಎರಡು ಇಂಚು ಉದ್ದ. ಹುಬ್ಬಳ್ಳಿ ಸರ್, ಇದಕ್ಕೇನು ಮಾಡಲಿ?

ಹುಬ್ಬಳ್ಳಿ_ಗ್ಯಾರೇಜ್ (ಮಿಶಿಗನ್)

ಆ ಮಹಾಶಯನಿಗೂ ಅವತ್ತು ಚಹಾ ಕೊಡಬಾರದಿತ್ತು.

ಗಾಡಿ ಓಡಿಸಬೇಡಿ. ಬಣ್ಣ ಪೂರ್ತಿ ಕೆರೆದು, ಬಿರುಕು ಎಲ್ಲಿ ಮುಗಿಯುತ್ತದೆ ಅಂತ ಮೊದಲು ಹುಡುಕಿ. ಆ ತುದಿಯಲ್ಲಿ ಸಣ್ಣ ತೂತು ಕೊರೆದರೆ ಮುಂದೆ ಓಡುವುದಿಲ್ಲ. ಆಮೇಲೆ ಹಳೇ ವೆಲ್ಡಿಂಗ್ ತೆಗೆದು ಹೊಸದು, ಅದರ ಮೇಲೆ ವಜ್ರದ ಪ್ಲೇಟು. ವೆಲ್ಡರನ್ನು ಕರೆಯುವ ಮುಂಚೆ ಫೋಟೋ ಹಾಕ್ರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ರೈಲಿನ ಒಳಗಡೆಯದ್ದೂ ಬೇಕು.